ಗುಡ್ಡದ ಹೊಟ್ಟೆಯಲ್ಲಿ ಏನಿದೆ?

ಬಯಲುನಾಡಿನ ಪಟ್ಟಣಗಳಲ್ಲಿ ಕಸವನ್ನು ಒಟ್ಟಿ ಗುಡ್ಡ ಮಾಡಿ, ಅದರ ಮೇಲೆ ಹುಲ್ಲನ್ನೂ ಮರಗಳನ್ನೂ ಬೆಳೆಸಿ, ಜನರ ವಿಹಾರಕ್ಕೆ ಅನುಕೂಲ ಕಲ್ಪಿಸಬಹುದೆಂಬ ಮಾತು ಆಗಾಗ್ಗೆ ಕೇಳಿಬರುವುದುಂಟು. ಊರಿಗೆ ಭಾರವಾದ ವಸ್ತುವೇ ಊರಿಗೆ ಅಲಂಕಾರವಾಗುವುದಾದರೆ ಬೇಡವೆನ್ನುವವರಾರು? ಆದರೆ ಅಂತಹ ಗುಡ್ಡದ ಯೋಗ್ಯತೆಯು ಅದರ ಎತ್ತರದಲ್ಲಿಲ್ಲ, ಅದರ ಹೊಟ್ಟೆಯಲ್ಲಿದೆ ಎಂಬುದನ್ನು ಗೃಹಸ್ಥರು ಮೊದಲು ಮನಗಾಣಬೇಕು.

ಜರ್ಮನಿಯ ಬರ್ಲಿನ್ ನಗರವು ಸಮತಟ್ಟಾದ ನೆಲದಲ್ಲಿ ಹರಡಿಕೊಂಡಿರತಕ್ಕದ್ದು. ಎರಡನೆಯ ಮಹಾಯುದ್ಧದಲ್ಲಿ ಕುಸಿದುಬಿದ್ದ ಕಟ್ಟಡಗಳ ಇಟ್ಟಿಗೆ ಗಾರೆಗಳನ್ನು ಅಲ್ಲಿಯವರು ಸುಮಾರು ಎರಡು ದಶಕಗಳ ಕಾಲ ಒಂದೆಡೆಗೆ ಸಾಗಿಸಿ ಒಟ್ಟಿದರು. ಹಾಗೆ ಎದ್ದ ಟಾಯ್ಫೆಲ್ಸ್‌ಬೆರ್ಗ್ ಎಂಬ ಗುಡ್ಡವು ಸಮುದ್ರಮಟ್ಟದಿಂದ ಸುಮಾರು 120 ಮೀಟರು ಎತ್ತರವಿದ್ದು, ಈಗ ಮರಗಳಿಂದ ಹಸುರಾಗಿದೆ. ಇಟ್ಟಿಗೆಯು ಕೊಳೆಯುವುದಿಲ್ಲ, ಉರಿಯುವುದಿಲ್ಲ. ಆದುದರಿಂದ ಆ ಗುಡ್ಡ ನಿಂತಿತು.

ನಮ್ಮ ಬೆಂಗಳೂರಿನ ಬಳಿಯ ಮಂಡೂರಿನಲ್ಲಿ ಎದ್ದ ಗುಡ್ಡದ ಕಥೆಯೇ ಬೇರೆ. ಅಡುಗೆಮನೆಯ ಹಸಿಕಸ, ಪ್ಲಾಸ್ಟಿಕ್ಕು, ಗಾಜು ಎಲ್ಲವೂ ಬೆರೆತು ಅಲ್ಲಿ ರಾಶಿಯಾದವು. ಬೆರಕೆಯ ಕಸವು ಒಳಗೆ ಕೊಳೆತರೆ ಉರಿಯುವ ಅನಿಲವು ಹುಟ್ಟುವುದು. ಅದರಿಂದ ಬಸಿಯುವ ಕೊಳೆನೀರು ಬಾವಿಯನ್ನು ಸೇರುವುದು. ದುರ್ನಾತವನ್ನು ಸಹಿಸಲಾರದೆ 2014ರಲ್ಲಿ ಗ್ರಾಮಸ್ಥರು ಪ್ರತಿಭಟಿಸಿದರು. ಆ ವರ್ಷದ ಕೊನೆಗೆ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ಇದರ ಮೇಲೆ ಹುಲ್ಲು ಹೊದಿಸಿದ ಮಾತ್ರಕ್ಕೆ ಒಳಗಿನ ರೋಗ ವಾಸಿಯಾಗುವುದೇ?

ಅಷ್ಟು ದೂರವೇಕೆ? ಚಿಕ್ಕನಾಯಕನಹಳ್ಳಿಯ ಕಡೆ ಅದಿರಿಗಾಗಿ ನೆಲ ಅಗೆದವರು ಬೇಡದ ಮಣ್ಣುಕಲ್ಲುಗಳನ್ನು ಒಟ್ಟಿದ್ದೂ ಗುಡ್ಡಗಳೇ. ಬೇರಿನ ಹಿಡಿತವಿಲ್ಲದ ಸಡಿಲ ಮಣ್ಣು ಮಳೆಗೆ ಜಾರಿ ಹಳ್ಳವನ್ನು ಸೇರುವುದು, ಹಳ್ಳದಿಂದ ಕೆರೆಯನ್ನು ಸೇರಿ ಹೂಳಾಗುವುದು. ಕೆರೆ ಹೂತರೆ ತೋಟದ ಗತಿಯೇನೆಂಬುದನ್ನು ಈ ಸೀಮೆಯವರಿಗೆ ನಾವು ಹೇಳಬೇಕಾಗಿಲ್ಲ. ಸುಪ್ರೀಂ ಕೋರ್ಟು 2011ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಮುಂದೆ ಗಣಿಗಳನ್ನು ತೆರೆಯಲು ಅನುಮತಿ ಕೊಟ್ಟಾಗ, ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಯನ್ನು ಕೈಗೊಳ್ಳಬೇಕೆಂದು ವಿಧಿಸಿತು. ರಾಶಿಯ ಬುಡಕ್ಕೆ ತಡೆಗೋಡೆ, ಸುತ್ತ ನೀರುಗಾಲುವೆ, ಇಳಿಜಾರಿಗೆ ಗಿಡ: ಇಷ್ಟಾದರೂ ಇಲ್ಲದಿದ್ದರೆ ಅದು ಗುಡ್ಡವಲ್ಲ, ಕೆಳಗಿನವರ ತಲೆಯ ಮೇಲಿನ ಹೊರೆ.

ಇನ್ನು ನಮ್ಮ ಹಿತ್ತಿಲಿನ ವಿಷಯ. ತಿಪಟೂರು, ತುರುವೇಕೆರೆಯ ಮನೆಗಳಲ್ಲಿ ಉಂಡೆಕೊಬ್ಬರಿಗಾಗಿ ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಒಣಗಿಸುವರು. ಸುಲಿಯುವ ದಿನ ಬಂದಿತೆಂದರೆ ಸಿಪ್ಪೆಯ ರಾಶಿಯು ಆಳೆತ್ತರಕ್ಕೆ ಏಳುವುದು. ನಾರಿನ ಕಾರ್ಖಾನೆಗಳಲ್ಲಿ ಉಳಿಯುವ ಪುಡಿಯೂ ಹಾಗೆಯೇ. ಅದು ಸುಲಭವಾಗಿ ಕೊಳೆಯದು. ಮಳೆಯಲ್ಲಿ ನೆನೆದರೆ ಕಂದುಬಣ್ಣದ ಒಗರುನೀರನ್ನು ಬಿಡುವುದು. ಆದರೆ ಇದೇ ಪುಡಿಯು ತನ್ನ ತೂಕದ ಹಲವು ಪಾಲು ನೀರನ್ನು ಹಿಡಿದಿಡಬಲ್ಲದು. ಹದವಾಗಿ ಕಳಿಸಿದರೆ ಒಳ್ಳೆಯ ಗೊಬ್ಬರವಾಗುವುದು.

ಸಿಪ್ಪೆಯನ್ನು ತೋಟದಲ್ಲಿಯೇ ಹೂಳುವ ಕ್ರಮವು ಇನ್ನೂ ಸುಲಭವಾದದ್ದು. ತೆಂಗಿನ ಸಾಲುಗಳ ನಡುವೆ, ಬುಡದಿಂದ ಸುಮಾರು 3 ಮೀಟರು ದೂರದಲ್ಲಿ, ಅರ್ಧ ಮೀಟರು ಅಗಲ, ಅಷ್ಟೇ ಆಳದ ಗುಳಿ ತೋಡಬೇಕು. ಸಿಪ್ಪೆಯ ಕುಳಿಯಾದ ಭಾಗವು ಮೇಲ್ಮುಖವಾಗಿರುವಂತೆ ಪದರ ಪದರವಾಗಿ ಜೋಡಿಸಿ ಮಣ್ಣು ಮುಚ್ಚಬೇಕು. ಇದರ ಪ್ರಯೋಜನವು 5ರಿಂದ 7 ವರ್ಷ ನಿಲ್ಲುವುದು. ಗುಡ್ಡವಾಗಬೇಕಾದದ್ದು ಗುಳಿಗಿಳಿದು ಬೇಸಗೆಯಲ್ಲಿ ಬೇರಿಗೆ ತಂಪಾಗುವುದು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ. ಕೊಳೆಯುವುದು ಮಣ್ಣಿಗೆ ಹೋಗಲಿ, ಮರುಬಳಕೆಯಾಗುವುದು ಕಸುಬಿಗೆ ಹೋಗಲಿ. ಬೇರೆ ಯಾವುದಕ್ಕೂ ಬಾರದ ಇಟ್ಟಿಗೆಚೂರು ಮಾತ್ರ ಬೇಕಾದರೆ ಗುಡ್ಡವಾಗಲಿ. ಈ ವಿಂಗಡಣೆಯನ್ನು ಪುರಸಭೆಯವರು ಊರ ಹೊರಗೆ ಮಾಡಲಾರರು. ಅದು ನಡೆಯಬೇಕಾದದ್ದು ಅಡುಗೆಮನೆಯ ಬಾಗಿಲಲ್ಲಿ. ಮನೆಯೊಡತಿಯೊಬ್ಬಳಿಗೇ ಆ ಕೆಲಸವನ್ನು ಬಿಡದೆ ಮನೆಯವರೆಲ್ಲರೂ ಕೈಹಚ್ಚಿದರೆ ಎರಡು ಬುಟ್ಟಿಗಳಿಂದಲೇ ಇದನ್ನು ಇಂದು ಆರಂಭಿಸಬಹುದು.