ಯಾತ್ರೆ ಮತ್ತು ಅನರ್ಥದಂಡ

ಆಷಾಢದಿಂದ ಕಾರ್ತಿಕದವರೆಗೆ ಮುನಿಗಳು ಒಂದೇ ಊರಿನಲ್ಲಿ ನೆಲೆಸುವುದೇಕೆಂಬುದನ್ನು ಜೈನ ಮನೆಗಳ ಮಕ್ಕಳೂ ಬಲ್ಲರು. ಮಳೆ ಬಿದ್ದೊಡನೆ ನೆಲದ ತುಂಬ ಹಸಿರು ಮೊಳೆಯುತ್ತದೆ, ಹುಳುಹುಪ್ಪಟೆಗಳು ಹೊರಬರುತ್ತವೆ, ಕಾಲಿಟ್ಟಲ್ಲೆಲ್ಲ ಜೀವವಿರುತ್ತದೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಯೇ ಅಡಿಯಿಡುವ ಈರ್ಯಾಸಮಿತಿಯವರಿಗೂ ಆ ದಿನಗಳಲ್ಲಿ ನಡೆಯುವುದು ತರವಲ್ಲವೆಂದು ವಿಹಾರ ನಿಲ್ಲುತ್ತದೆ. ಅವರು ನಿಂತೊಡನೆ ಶ್ರಾವಕರು ಹೊರಡುತ್ತಾರೆ! ಶನಿವಾರ ಸಂಜೆ ಹೊರಟ ಕಾರುಗಳು ಇರುಳೆಲ್ಲ ಓಡಿ ಭಾನುವಾರದ ಪ್ರವಚನದ ಹೊತ್ತಿಗೆ ಚಾತುರ್ಮಾಸದ ಊರನ್ನು ತಲಪುತ್ತವೆ. ಮುಂದಿನ ಗಾಜಿನ ಮೇಲೂ ದೀಪಗಳ ಮೇಲೂ ರೆಕ್ಕೆಯ ಗೆದ್ದಲು, ಪತಂಗಗಳು ಅಂಟಿಕೊಂಡಿರುತ್ತವೆ. ಚಾಲಕನು ಅವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿರುವಾಗ ಕಾರಿನೊಡೆಯರು ಒಳಗೆ ಕುಳಿತು ಅಹಿಂಸೆಯ ಉಪದೇಶವನ್ನು ಕೇಳುತ್ತಾರೆ.

ಇವು ಸೂರ್ಯಾಸ್ತದ ಬಳಿಕ ಉಣ್ಣದ ಮನೆಗಳು. ದೀಪಕ್ಕೆ ಮುತ್ತುವ ಹುಳು ಅನ್ನದಲ್ಲಿ ಬೀಳಬಾರದೆಂಬ ಎಚ್ಚರ ಅಲ್ಲಿ ತಲೆಮಾರುಗಳಿಂದ ಉಳಿದು ಬಂದಿದೆ. ಊಟದ ಮನೆಯ ದೀಪಕ್ಕೆ ಒಂದು ಧರ್ಮ, ಹೆದ್ದಾರಿಯ ದೀಪಕ್ಕೆ ಇನ್ನೊಂದು ಧರ್ಮ ಎಂದು ಯಾವ ಆಚಾರ್ಯರು ಹೇಳಿದರು? ಕಾಲ್ನಡೆಯಲ್ಲಿ ವಿಹಾರ ಮಾಡುತ್ತಿದ್ದ ಸಾಧು-ಸಾಧ್ವಿಯರೇ ವಾಹನಗಳಿಗೆ ಸಿಕ್ಕಿ ಪ್ರಾಣ ತೆತ್ತ ಸುದ್ದಿಗಳು ದೇಶದ ಹಲವೆಡೆಗಳಿಂದ ಬಂದಿರುವಾಗಲೂ ಈ ಪ್ರಶ್ನೆ ಏಳದಿರುವುದು ಸೋಜಿಗ.

ಇದಕ್ಕೆ ಸಿದ್ಧ ಉತ್ತರವೊಂದುಂಟು. ಗೃಹಸ್ಥನು ಸಂಪೂರ್ಣವಾಗಿ ತೊರೆಯಬೇಕಾದುದು ಸಂಕಲ್ಪೀ ಹಿಂಸೆಯನ್ನು. ಪ್ರಯಾಣದಲ್ಲಾಗುವುದು ಆರಂಭೀ ಹಿಂಸೆ, ಅದು ಅನಿವಾರ್ಯ ಎನ್ನುತ್ತಾರೆ. ಇದು ಅರ್ಧ ಶಾಸ್ತ್ರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಣುವ್ರತಗಳ ಬೆನ್ನಿಗೇ ದಿಗ್ವ್ರತ, ದೇಶವ್ರತ, ಅನರ್ಥದಂಡವಿರತಿಗಳನ್ನು ಹೇಳುತ್ತದೆ. ಮೊದಲೆರಡು ಸಂಚಾರಕ್ಕೆ ಎಲ್ಲೆ ಕಟ್ಟುವ ವ್ರತಗಳು. (ಮೇಲ್ಮುಖವಾಗಿ ಎಲ್ಲೆ ಮೀರುವುದನ್ನೂ ಅತಿಚಾರವೆಂದ ಸೂತ್ರಕಾರರು ವಿಮಾನವನ್ನು ಕಂಡಿರಲಿಲ್ಲ.) ಮೂರನೆಯದು ಪ್ರಯೋಜನವಿಲ್ಲದ ಪಾಪದಿಂದ ದೂರವಿರುವುದು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸುತ್ತಾರೆ. ನೆಲ, ನೀರು, ಬೆಂಕಿ, ಗಾಳಿಗಳಲ್ಲಿ ವ್ಯರ್ಥ ಆರಂಭ, ಸಸ್ಯಗಳನ್ನು ಕಡಿಯುವುದು, ಇವುಗಳ ಜೊತೆಗೆ ವೃಥಾ ಸಂಚರಿಸುವುದನ್ನೂ ಇತರರನ್ನು ಸಂಚರಿಸುವಂತೆ ಮಾಡುವುದನ್ನೂ ಅದರಲ್ಲೇ ಸೇರಿಸುತ್ತಾರೆ. ಪ್ರಯಾಣ ಅನಿವಾರ್ಯವೇ ಇರಬಹುದು. ಐದು ಜನರ ಕಾರಿನಲ್ಲಿ ಖಾಲಿ ಉಳಿದ ಮೂರು ಆಸನಗಳು ಅನಿವಾರ್ಯವಲ್ಲ.

ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಹೋಗಿಬರಲು ಸುಮಾರು 290 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ 19 ಲೀಟರಿಗೂ ಹೆಚ್ಚು ಪೆಟ್ರೋಲ್ ಬೇಕು. 2021ರಲ್ಲೇ ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲ್ ಅದು. ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇಬ್ಬರೇ ಹೋದರೆ ತಲೆಗೆ 22 ಕಿಲೋಗ್ರಾಂ, ನಾಲ್ವರಾದರೆ 11. ಅದೇ ದಾರಿಗೆ 45 ಜನರ ಬಸ್ಸು 65 ಲೀಟರ್ ಡೀಸೆಲ್ ಕುಡಿದರೂ ತಲೆಗೆ ಬೀಳುವುದು ನಾಲ್ಕು ಕಿಲೋಗ್ರಾಮಿಗಿಂತ ಕಡಿಮೆ. 2017ರ ಮಾರ್ಚಿನಿಂದ ಬೆಂಗಳೂರು–ಹಾಸನ ನೇರ ರೈಲುಮಾರ್ಗ ಶ್ರವಣಬೆಳಗೊಳದ ಮೂಲಕವೇ ಹಾದುಹೋಗುತ್ತಿದೆ. ಅದರಲ್ಲಿ ಕಾಯ್ದಿರಿಸದ ಸಾಮಾನ್ಯ ದರ್ಜೆಯ ಒಂದು ಟಿಕೆಟ್ಟಿನ ಬೆಲೆ ಒಂದು ಲೀಟರ್ ಪೆಟ್ರೋಲಿನ ಬೆಲೆಗಿಂತ ಕಡಿಮೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರುವ ಭಕ್ತರಿಗೆ ರೈಲಿನ ಮರದ ಹಲಗೆಯಂಥ ಆಸನ ಕಷ್ಟವಾಗುತ್ತದೆಂದರೆ ನಂಬುವುದು ಹೇಗೆ? ಸಮ್ಮೇದ ಶಿಖರದಲ್ಲಿ 27 ಕಿಲೋಮೀಟರಿನ ವಂದನೆಯನ್ನು ಕಾಲ್ನಡೆಯಲ್ಲೇ ಪೂರೈಸುವವರು ಅಲ್ಲಿಯವರೆಗೆ ಮಾತ್ರ ವಿಮಾನವೇ ಬೇಕೆನ್ನುತ್ತಾರೆ. ಪಾರಸನಾಥ ಎಂಬ ಹೆಸರಿನ ರೈಲು ನಿಲ್ದಾಣವೇ ಇದೆ.

ದೋಷವೆಲ್ಲ ಯಾತ್ರಿಕರದಲ್ಲ. ಇತರರನ್ನು ಸಂಚರಿಸುವಂತೆ ಮಾಡುವುದೂ ದೋಷವೆಂಬ ಮಾತು ನೇರವಾಗಿ ಬಸದಿಗಳ ಟ್ರಸ್ಟುಗಳಿಗೆ ತಾಗುತ್ತದೆ. ಪಂಚಕಲ್ಯಾಣದ ಆಮಂತ್ರಣ ಪತ್ರಿಕೆಯಲ್ಲಿ ದಾನಿಗಳ ಹೆಸರು ನಾಲ್ಕು ಪುಟ, ವಾಹನ ನಿಲುಗಡೆಗೆ ವಿಶಾಲ ಸ್ಥಳವಿದೆಯೆಂಬ ಸೂಚನೆ ಒಂದು ಸಾಲು. ಬಸ್ಸು ರೈಲುಗಳ ವೇಳೆ ಎಲ್ಲಿಯೂ ಇಲ್ಲ. ಕಾರ್ಯಕ್ರಮ ಮುಗಿಯುವುದು ರಾತ್ರಿ ಹತ್ತಕ್ಕೆ. ಅಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ. ಬೆಳಗಾವಿ ಜಿಲ್ಲೆಯ ಹಳ್ಳಿಯಲ್ಲಿ ಒಕ್ಕಲುತನದಿಂದ ಬದುಕುವ ಜೈನ ಕುಟುಂಬ ಇಂಥ ಕಾರ್ಯಕ್ರಮಕ್ಕೆ ಬರುವುದಾದರೂ ಹೇಗೆ? ಬಾಡಿಗೆ ಕಾರಿಗೆ ಸಾವಿರಗಟ್ಟಲೆ ತೆರಬೇಕು, ಇಲ್ಲವೆ ಮನೆಯಲ್ಲೇ ಉಳಿಯಬೇಕು. ಹಲವರು ಉಳಿಯುತ್ತಾರೆ. ಸಮವಸರಣದಲ್ಲಿ ಪ್ರಾಣಿಗಳಿಗೂ ಸ್ಥಾನವಿತ್ತೆಂದು ಹೇಳುವ ಸಮಾಜದ ಉತ್ಸವಗಳಿಗೆ ಕಾರಿಲ್ಲದವರು ಬರಲಾಗದಂತಾಗಿರುವುದು ಸಣ್ಣ ಮಾತಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಆದರೂ ಶ್ರಾವಿಕೆಯರ ಸಮ್ಮೇಳನಗಳ ವೇಳಾಪಟ್ಟಿ ಸರ್ಕಾರಿ ಬಸ್ಸಿನ ವೇಳೆಯನ್ನು ನೋಡುವುದಿಲ್ಲ.

ವೃದ್ಧರು, ರೋಗಿಗಳು, ಹಸುಗೂಸಿನ ತಾಯಂದಿರು ಕಾರಿನಲ್ಲಿ ಬರಲಿ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಮೂಡುಬಿದಿರೆ, ಕಾರ್ಕಳ, ವೇಣೂರುಗಳಿಗೆ ರೈಲಿಲ್ಲವೆಂಬುದೂ ನಿಜ. ಆದರೆ ಮಂಗಳೂರಿನಿಂದ ಮೂಡುಬಿದಿರೆಗೆ, ಕಾರ್ಕಳಕ್ಕೆ ದಿನವಿಡೀ ಬಸ್ಸುಗಳು ಓಡುತ್ತವೆ. ಸಮಯವಿಲ್ಲವೆಂಬ ವಾದ ಮಾತ್ರ ನಿಲ್ಲುವಂಥದ್ದಲ್ಲ. ಒಂದೇ ದಿನದಲ್ಲಿ ಐದು ಕ್ಷೇತ್ರಗಳನ್ನು ಸುತ್ತಿ, ಪ್ರತಿಯೊಂದರಲ್ಲೂ ಹತ್ತು ನಿಮಿಷ ಕೈಮುಗಿದು ಹೊರಡುವುದಕ್ಕೆ ಯಾತ್ರೆಯೆಂಬ ಹೆಸರೇ ಸಲ್ಲದು.

ಟ್ರಸ್ಟುಗಳು ಮಾಡಬಹುದಾದುದು ದೊಡ್ಡದೇನಲ್ಲ. ಆಮಂತ್ರಣದಲ್ಲಿ ಬಸ್ಸು ರೈಲುಗಳ ವೇಳೆ ಅಚ್ಚಾಗಲಿ. ಮಧ್ಯಾಹ್ನದೊಳಗೆ ಕಾರ್ಯಕ್ರಮ ಮುಗಿದು, ಕತ್ತಲಾಗುವ ಮುನ್ನ ಜನ ಊರು ಸೇರುವಂತಾಗಲಿ. ನಿಲ್ದಾಣದಿಂದ ಕ್ಷೇತ್ರದವರೆಗೆ ಒಂದು ಹಂಚಿಕೆಯ ವ್ಯಾನು ಓಡಲಿ. ಅಮೃತಶಿಲೆಯ ಮತ್ತೊಂದು ಕಮಾನಿಗಿಂತ ಅದರ ಖರ್ಚು ಹೆಚ್ಚಾಗದು, ದಾನಿಯ ಹೆಸರನ್ನು ವ್ಯಾನಿನ ಮೇಲೂ ಬರೆಸಬಹುದು. 2018ರ ಫೆಬ್ರವರಿಯಲ್ಲಿ ನಡೆದ ಮಹಾಮಸ್ತಕಾಭಿಷೇಕದ ಹನ್ನೆರಡು ವರ್ಷಗಳ ಲೆಕ್ಕದಲ್ಲಿ ಮುಂದಿನದು 2030ಕ್ಕೆ ಬರುತ್ತದೆ. ಆ ಹೊತ್ತಿಗೆ ವಿಶೇಷ ರೈಲುಗಳನ್ನು, ನಿಲ್ದಾಣದಿಂದ ಬೆಟ್ಟದ ತಪ್ಪಲಿಗೆ ಬಸ್ಸುಗಳನ್ನು ಕೇಳಿ ಇಂದೇ ಮನವಿ ಬರೆಯುವುದೋ, ಕಾರು ನಿಲ್ಲಿಸಲು ಸುತ್ತಲಿನ ಹೊಲಗಳನ್ನು ಜೀವಸಮೇತ ಸಮತಟ್ಟು ಮಾಡಿಸುವುದೋ ಎಂಬುದು ಟ್ರಸ್ಟುಗಳ ಮುಂದಿನ ಸಭೆಗಳಲ್ಲೇ ನಿರ್ಣಯವಾಗಬೇಕು.