42 ಪರ್ಸೆಂಟ್ ಸೈಕಲ್

ಮೊದಲೇ ಹೇಳಿಬಿಡ್ತೀನಿ, ನನಗೆ ಸೈಕಲ್ ಮೇಲೆ ಸಿಟ್ಟಿಲ್ಲ. ಆಫೀಸಿನ ಮೂಲಕ ಸೈಕಲ್ ಕೊಡಿಸುವ ಸ್ಕೀಮಿನ ಮೇಲೂ ಪೂರ್ತಿ ಸಿಟ್ಟಿಲ್ಲ. ಸಿಟ್ಟಿರೋದು ನಮ್ಮಂಥ ಸಾಫ್ಟ್‌ವೇರ್ ಮಂದಿ ಅದರಲ್ಲಿ ಸೈಕಲ್ ಆರಿಸುವ ರೀತಿಯ ಮೇಲೆ, ಮತ್ತೆ ಅದರ ಲಾಭ ಯಾರ ಜೇಬಿಗೆ ಹೋಗುತ್ತೆ ಅನ್ನೋದರ ಮೇಲೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ: ನಾನಿರೋ ಇಂಗ್ಲೆಂಡಿನಲ್ಲಿ 'ಸೈಕಲ್ ಟು ವರ್ಕ್' ಅಂತ ಒಂದು ಯೋಜನೆ ಇದೆ. 1999ರ ಹಣಕಾಸು ಕಾಯ್ದೆಯಿಂದ ಬಂದದ್ದು. ಕಂಪನಿ ಸೈಕಲ್ ಕೊಂಡು ನಮಗೆ ಬಾಡಿಗೆಗೆ ಕೊಡುತ್ತೆ. ಬಾಡಿಗೆ ತಿಂಗಳು ತಿಂಗಳು ಸಂಬಳದಲ್ಲಿ ಕಟ್ ಆಗುತ್ತೆ, ಅದೂ ತೆರಿಗೆ ಹಿಡಿಯೋ ಮೊದಲೇ. ಅಷ್ಟು ಹಣದ ಮೇಲೆ ಇನ್‌ಕಮ್ ಟ್ಯಾಕ್ಸೂ ಇಲ್ಲ, ನ್ಯಾಷನಲ್ ಇನ್ಶೂರೆನ್ಸೂ ಇಲ್ಲ. ವರ್ಷಕ್ಕೆ 50,270 ಪೌಂಡ್ ದಾಟಿ ದುಡಿಯೋನಿಗೆ 40 ಪ್ಲಸ್ 2, ಒಟ್ಟು 42 ಪರ್ಸೆಂಟ್ ಉಳಿತಾಯ. ಅದಕ್ಕಿಂತ ಕಡಿಮೆ ಸಂಬಳದವನಿಗೆ 20 ಪ್ಲಸ್ 8, ಅಂದ್ರೆ 28.

2019ರವರೆಗೆ ಹೆಚ್ಚಿನ ಕಂಪನಿಗಳಲ್ಲಿ ಸಾವಿರ ಪೌಂಡಿನ ಮಿತಿ ಇತ್ತು. ಆ ವರ್ಷ ಜೂನ್‌ನಲ್ಲಿ ಸರ್ಕಾರ ಹೊಸ ಮಾರ್ಗಸೂಚಿ ತಂದು ಮಿತಿ ಏರಿಸೋಕೆ ದಾರಿ ಮಾಡಿತು. ಎಲೆಕ್ಟ್ರಿಕ್ ಸೈಕಲ್ ಬೇಕಾದವರಿಗೆ ಒಳ್ಳೇದೇ ಆಯ್ತು. ಆದರೆ ನಮ್ಮವರು ಮಾಡಿದ್ದೇನು? ಮಿತಿ ಎಷ್ಟಿದೆಯೋ ಅಷ್ಟಕ್ಕೂ ಸೈಕಲ್ ಕೊಂಡರು! ಕಾರ್ಬನ್ ಫ್ರೇಮು, ಬಾಗಿದ ಹ್ಯಾಂಡಲ್, ಬೆರಳಿನಷ್ಟು ದಪ್ಪದ ಟೈರು. "ಎರಡು ಸಾವಿರದ್ದು, 840 ಪೌಂಡ್ ಉಳೀತು ಗುರೂ" ಅನ್ನೋ ಹೆಮ್ಮೆ ಬೇರೆ. ಸ್ವಾಮಿ, ಉಳಿದದ್ದು 840 ಅಲ್ಲ, ಖರ್ಚಾದದ್ದು 1160.

ಆ ಸೈಕಲ್ಲಿಗೆ ಮಡ್‌ಗಾರ್ಡ್ ಹಾಕೋಕೆ ಜಾಗ ಇಲ್ಲ, ಕ್ಯಾರಿಯರ್ ಕೂರಿಸೋಕೆ ತೂತಿಲ್ಲ. ನಾನಿರೋದು ಮ್ಯಾಂಚೆಸ್ಟರಿನಲ್ಲಿ. ಇಲ್ಲಿ ಮಳೆ ಹೇಳಿ ಕೇಳಿ ಬರಲ್ಲ. ಹಿಂದಿನ ಚಕ್ರ ಬೆನ್ನ ಮೇಲೆ ಕೆಸರಿನ ನಾಮ ಎಳೆಯುತ್ತೆ, ಲ್ಯಾಪ್‌ಟಾಪ್ ಬ್ಯಾಗು ಬೆನ್ನಿಗಂಟಿ ಅಂಗಿ ತೋಯುತ್ತೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗ್ತಾನೆ, ಸೈಕಲ್ಲಿಗೆ ಲೈಟೇ ಇರಲ್ಲ. ನವೆಂಬರಿಗೆಲ್ಲ ಸೈಕಲ್ ಗೋಡೆಯ ಮೇಲೆ, ಯಜಮಾನ ಟ್ರಾಮ್‌ನಲ್ಲಿ. ಅರ್ಧಕ್ಕಿಂತ ಹೆಚ್ಚು ಬಳಕೆ ಕೆಲಸದ ಓಡಾಟಕ್ಕೇ ಇರಬೇಕು ಅನ್ನುತ್ತೆ ನಿಯಮ. ಲೆಕ್ಕ ಇಡಿ ಅಂತ ಯಾರೂ ಕೇಳಲ್ಲವಲ್ಲ, ಭಾನುವಾರದ ಶೋಕಿಗೆ ಸಾಕು.

ರಿಕ್ವೈರ್‌ಮೆಂಟ್ ಓದದೇ ಕೋಡ್ ಬರೆಯೋ ಜೂನಿಯರ್‌ಗೆ ಬೈಯ್ತೀವಿ. ಸೈಕಲ್ ವಿಷಯದಲ್ಲಿ ನಾವು ಮಾಡ್ತಿರೋದೂ ಅದೇ ಅಲ್ವಾ? ಎಷ್ಟು ಮೈಲಿ, ಎಂಥಾ ರಸ್ತೆ, ಎಷ್ಟು ಏರು, ಆಫೀಸಿನಲ್ಲಿ ಎಲ್ಲಿ ನಿಲ್ಲಿಸ್ತೀವಿ, ಬೆಳಿಗ್ಗೆ ಏನು ಹೊರ್ತೀವಿ? ಇಷ್ಟು ಪ್ರಶ್ನೆಗೆ ಉತ್ತರ ಬರೆದರೆ ಸೈಕಲ್ ತಾನಾಗೇ ಕಣ್ಮುಂದೆ ನಿಲ್ಲುತ್ತೆ. ಐದಾರು ಮೈಲಿಯೊಳಗಿನ ಊರ ರಸ್ತೆಗೆ ಬೇಕಾದ್ದು ನೆಟ್ಟಗೆ ಕೂರೋ ಹ್ಯಾಂಡಲ್, ದಪ್ಪ ಪಂಕ್ಚರ್-ನಿರೋಧಕ ಟೈರು, ಪೂರ್ತಿ ಮಡ್‌ಗಾರ್ಡು, ಕ್ಯಾರಿಯರ್, ಡೈನಮೋ ಲೈಟು. ಗೇರು ಹಿಂದಿನ ಚಕ್ರದ ಹಬ್ಬಿನೊಳಗೇ ಇದ್ದರೆ ಇನ್ನೂ ಉತ್ತಮ, ಮಳೆ ನೀರು, ಚಳಿಗಾಲದಲ್ಲಿ ರಸ್ತೆಗೆ ಎರಚೋ ಉಪ್ಪು ಒಳಗೆ ಹೋಗಲ್ಲ. ಮಿಕ್ಕ ದುಡ್ಡಿಗೆ ಗಟ್ಟಿ ಡಿ-ಲಾಕ್ ತಗೊಳ್ಳಿ, ಬೀಗ, ಲೈಟು ಎಲ್ಲ ಸ್ಕೀಮಿನಲ್ಲೇ ಬರುತ್ತೆ.

ಈ ಪಟ್ಟಿ ಓದಿದರೆ ಏನು ನೆನಪಾಯ್ತು? ನಮ್ಮೂರ ಹಾಲಿನವನ ಕರೀ ಸೈಕಲ್ ತಾನೆ! ಮಡ್‌ಗಾರ್ಡು, ಕ್ಯಾರಿಯರ್, ಚೈನ್ ಕವರ್, ಸ್ಟ್ಯಾಂಡು, ಟೈರಿಗೆ ಉಜ್ಜಿಕೊಂಡು ಗುಂಯ್ ಅನ್ನೋ ಡೈನಮೋ. ಮೇಷ್ಟ್ರುಗಳಿಗೆ ಪ್ರತಿಷ್ಠೆಯಾಗಿದ್ದ ರ‍್ಯಾಲಿ ಸೈಕಲ್ಲಿನ ತವರು ಇದೇ ದೇಶದ ನಾಟಿಂಗ್‌ಹ್ಯಾಮ್. ಅಲ್ಲಿ ಸೈಕಲ್ ತಯಾರಿಕೆ 2002ರಲ್ಲೇ ನಿಂತುಹೋಯ್ತು. ಆ ಸೈಕಲ್ಲಿನ ಬುದ್ಧಿ ಮಾತ್ರ ಹಳೇದಾಗಿಲ್ಲ.

ಇನ್ನು ಆ 42ರ ಕಥೆ. ಬಾಡಿಗೆ ಮುಗಿದರೂ ಸೈಕಲ್ ನಿಮ್ಮದಾಗಲ್ಲ. 500 ಪೌಂಡ್ ಮೇಲಿನ ಸೈಕಲ್ಲಿಗೆ ನಾಲ್ಕು ವರ್ಷದ ನಂತರವೂ ತೆರಿಗೆ ಇಲಾಖೆ ಕಟ್ಟೋ ಬೆಲೆ 7 ಪರ್ಸೆಂಟ್. ಅದನ್ನು ಕೊಟ್ಟರೆ 42 ಹೋಗಿ 35 ಆಯ್ತು, 28 ಹೋಗಿ 21. ಅಂಗಡಿಯ ಸೇಲ್‌ನಲ್ಲಿ 25 ಪರ್ಸೆಂಟ್ ಕಮ್ಮಿಗೆ ಸಿಕ್ಕರೆ ಸಣ್ಣ ಸಂಬಳದವನಿಗೆ ಸ್ಕೀಮೇ ನಷ್ಟ. ಮಧ್ಯೆ ಕೆಲಸ ಬಿಟ್ಟರಂತೂ ಉಳಿದ ಕಂತೆಲ್ಲ ತೆರಿಗೆ ಹಿಡಿದ ಸಂಬಳದಿಂದ ಒಟ್ಟಿಗೇ ವಸೂಲಿ. ವರ್ಷಕ್ಕೊಂದು ಕಂಪನಿ ಹಾರೋ ಗೆಳೆಯರು ಇದನ್ನ ಗೋಡೆಗೆ ಅಂಟಿಸಿಕೊಳ್ಳಿ :-)

ಇಷ್ಟಾದರೂ ನಗಬಹುದು. ನಗೋಕಾಗದ್ದು ಬೇರೆ ಇದೆ. ಸಂಬಳ ಕಟ್ ಆದಮೇಲೆ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ ಅನ್ನುತ್ತೆ ಕಾನೂನು. ಅಂದ್ರೆ ಕನಿಷ್ಠ ವೇತನಕ್ಕೇ ಆಫೀಸ್ ಗುಡಿಸಿ ಒರೆಸೋರಿಗೆ ಈ ಸ್ಕೀಮ್ ಇಲ್ಲ. ಮೊದಲ ಬಸ್ಸಿಗೂ ಮುಂಚೆ ಬರಬೇಕಾದ ಅವರಿಗೇ ತಾನೆ ಸೈಕಲ್ ನಿಜವಾಗಿ ಬೇಕಾಗಿರೋದು? ಮನೆಮನೆಗೆ ಊಟ ತಂದುಕೊಡೋ ಹುಡುಗರು ದಿನವಿಡೀ ಸೈಕಲ್ ಮೇಲೇ ಇರ್ತಾರೆ. ಹೆಚ್ಚಿನವರು ಕಾಗದದ ಮೇಲೆ ಸ್ವಂತ ಉದ್ಯೋಗಿಗಳು, ಅವರಿಗೂ ಇಲ್ಲ. ಇರೋನಿಗೆ 42, ಕಮ್ಮಿ ಇರೋನಿಗೆ 28, ಇಲ್ಲದೋನಿಗೆ ಸೊನ್ನೆ. ಇದಕ್ಕೆ ಹಸಿರು ಯೋಜನೆ ಅಂತ ಹೆಸರು.

ಬೆಂಗಳೂರಿನ ಗೆಳೆಯರು "ನಮ್ಮಲ್ಲೂ ಇಂಥದ್ದು ಬರಬೇಕು" ಅಂತಾರೆ. ದಯವಿಟ್ಟು ಬೇಡ. ಇನ್‌ಕಮ್ ಟ್ಯಾಕ್ಸಿನಲ್ಲಿ ವಿನಾಯಿತಿ ಕೊಟ್ಟರೆ ಟ್ಯಾಕ್ಸೇ ಕಟ್ಟದ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಏನು ಸಿಗುತ್ತೆ? 2025ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳೀತು. ಅದು ಸಂಬಳದ ಚೀಟಿ ಕೇಳಲ್ಲ, ಕೊಂಡೋರಿಗೆಲ್ಲ ಸಿಗುತ್ತೆ. ಇಲ್ಲಿ ಇಂಗ್ಲೆಂಡಿನಲ್ಲಿ ಹೆಲ್ಮೆಟ್ಟಿಗೆ ವ್ಯಾಟ್ ಸೊನ್ನೆ, ಸೈಕಲ್ಲಿಗೆ 20. ಮೊದಲು ಅದನ್ನ ಇಳಿಸಲಿ, ಆಮೇಲೆ ನಮ್ಮ ಕಾರ್ಬನ್ ಶೋಕಿಗೆ ಸಹಾಯಧನ ಕೊಡಲಿ.

ಅಲ್ಲೀವರೆಗೆ, ಸ್ಕೀಮ್ ಸಿಗೋ ಅದೃಷ್ಟವಂತರು ಮಡ್‌ಗಾರ್ಡ್ ಇರೋ ಸೈಕಲ್ ತಗೊಳ್ಳಿ, ಮಳೆಯಲ್ಲೂ ತುಳೀರಿ. ಗೋಡೆಗೆ ತೂಗುಹಾಕೋದಾದರೆ ಕ್ಯಾಲೆಂಡರ್ ಸಾಕು. ಏನಂತೀರಿ?