ಹೃದ್ರೋಗಿಯ ಚೇತರಿಕೆಗೆ ಮನೆಮಾತಿನ ನೆರವು

ಹೊಸೂರು, ದೇಂಕಣಿಕೋಟೆ, ತಳಿ, ಅಂಚೆಟ್ಟಿ ಭಾಗದ ಜನರಿಗೆ ಹೃದಯದ ಶಸ್ತ್ರಚಿಕಿತ್ಸೆ ಇಂದು ಎಟುಕದ ಸಂಗತಿಯಲ್ಲ. ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್. ಆ ಹೆದ್ದಾರಿಯ ಬದಿಯಲ್ಲೇ ಬೊಮ್ಮಸಂದ್ರದ ನಾರಾಯಣ ಹೃದಯಾಲಯವಿದೆ. ನಗರದಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ. ಆದರೆ ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಕಾರ್ಯ, ಚೇತರಿಕೆ ಹಲವು ತಿಂಗಳುಗಳ ಶ್ರಮ. ಮೊದಲನೆಯದು ವೈದ್ಯರ ಕೈಯಲ್ಲಿದ್ದರೆ, ಎರಡನೆಯದು ಬಹುಮಟ್ಟಿಗೆ ರೋಗಿಯ ಹಾಗೂ ಮನೆಯವರ ತಿಳಿವಳಿಕೆಯನ್ನು ಅವಲಂಬಿಸಿದೆ. ಆ ತಿಳಿವಳಿಕೆಯನ್ನು ರೋಗಿಯ ನುಡಿಯಲ್ಲಿಯೇ ಒದಗಿಸುವುದು ಔದಾರ್ಯವಲ್ಲ. ಚಿಕಿತ್ಸೆಯದೇ ಒಂದು ಅಂಗ.

ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಸೀಳಿದ ಎದೆಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತಬಾರದು. ಇಂಗ್ಲಿಷಿನಲ್ಲಿ, ಕಿಲೋ ಲೆಕ್ಕದಲ್ಲಿ ಬರೆದುಕೊಟ್ಟ ಸೂಚನೆಗಿಂತ ‘ತುಂಬಿದ ಬಿಂದಿಗೆ, ಹುಲ್ಲಿನ ಹೊರೆ, ರಾಗಿ ಮೂಟೆ ಮುಟ್ಟಬೇಡಿ’ ಎಂಬ ಮಾತು ರೈತ ಕುಟುಂಬಕ್ಕೆ ಬೇಗ ಮನದಟ್ಟಾಗುತ್ತದೆ. ‘ವಿಶ್ರಾಂತಿ’ ಎಂದರೆ ಹಾಸಿಗೆ ಬಿಟ್ಟು ಏಳದಿರುವುದೆಂದು ಭಾವಿಸಿ ಭಯದಿಂದ ಮಲಗಿಯೇ ಇರುವವರಿಗೆ, ದಿನದಿನಕ್ಕೆ ತುಸು ಹೆಚ್ಚುವ ನಡಿಗೆಯೇ ಮದ್ದು ಎಂದು ತಿಳಿಹೇಳಬೇಕು. ಲೋಹದ ಕವಾಟ ಅಳವಡಿಸಿಕೊಂಡು ವಾರ್ಫರಿನ್ ಸೇವಿಸುವವರು ಸೊಪ್ಪನ್ನು ತ್ಯಜಿಸಬೇಕಿಲ್ಲ, ಒಂದೇ ಹದದಲ್ಲಿ ತಿನ್ನಬೇಕು, ರಕ್ತಪರೀಕ್ಷೆ ತಪ್ಪಿಸಬಾರದು. ಈ ಹದ ತಪ್ಪಿದರೆ ರಕ್ತ ಹೆಪ್ಪುಗಟ್ಟಬಹುದು, ಇಲ್ಲವೇ ರಕ್ತಸ್ರಾವವಾಗಬಹುದು. ಇವುಗಳ ಜೊತೆಗೆ ನಿದ್ದೆಗೇಡು, ಕಾರಣವಿಲ್ಲದ ಅಳು, ಖಿನ್ನತೆ ಅನೇಕರನ್ನು ಕಾಡುತ್ತವೆ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಮನೆಮಾತೇ ಬೇಕು.

ಗಡಿನಾಡಿನ ಜನ ಕನ್ನಡ, ತಮಿಳು, ತೆಲುಗು ಮೂರನ್ನೂ ಬಲ್ಲರು, ಪ್ರತ್ಯೇಕ ಏರ್ಪಾಡು ಏಕೆ ಎಂಬ ಪ್ರಶ್ನೆ ಏಳಬಹುದು. ಸಂತೆಯ ವ್ಯವಹಾರಕ್ಕೆ ಸಾಲುವಷ್ಟು ನುಡಿ ಎದೆನೋವಿನ ಬಗೆಯನ್ನು ವಿವರಿಸಲು ಸಾಲದು. ಕನ್ನಡಿಗರ ವಿಷಯದಲ್ಲಿ ನಿಜವಾದ ಈ ಮಾತು ತೆಲುಗರ, ತಮಿಳರ ವಿಷಯದಲ್ಲಿಯೂ ನಿಜ.

ಇದಕ್ಕೆ ಹೊಸ ವ್ಯವಸ್ಥೆಯನ್ನೇ ಕಟ್ಟಬೇಕಾಗಿಲ್ಲ. ರಕ್ತದೊತ್ತಡ, ಮಧುಮೇಹಗಳ ಔಷಧವನ್ನೂ ಫಿಸಿಯೋಥೆರಪಿಯನ್ನೂ ಮನೆಬಾಗಿಲಿಗೆ ತಲುಪಿಸುವ ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಆರಂಭಗೊಂಡದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಶಸ್ತ್ರಚಿಕಿತ್ಸೆಯಾದ ಹೃದ್ರೋಗಿಗಳ ನಡಿಗೆ, ಔಷಧ, ಮನಸ್ಥಿತಿಗಳ ವಿಚಾರಣೆಯೂ ಆ ಭೇಟಿಗಳಲ್ಲಿ ಸೇರಲಿ. ವೈದ್ಯರು ಪರಿಶೀಲಿಸಿದ ಒಂದು ಪುಟದ ಸೂಚನೆ ಮೂರೂ ನುಡಿಗಳಲ್ಲಿ ಸಿದ್ಧವಾಗಲಿ. ಅದರ ಕನ್ನಡ ರೂಪವನ್ನು ಸಿದ್ಧಪಡಿಸುವ ಹೊಣೆಯನ್ನು ಗಡಿಭಾಗದ ಕನ್ನಡ ವಿದ್ಯಾರ್ಥಿಗಳು ವಹಿಸಿಕೊಳ್ಳಬಲ್ಲರು. ಅನುವಾದದ ಪಾಠಕ್ಕೆ ಇದಕ್ಕಿಂತ ಸಾರ್ಥಕವಾದ ಅಭ್ಯಾಸ ಬೇರೊಂದಿಲ್ಲ.